ಗುರುಗಳ ಬಿಳಿ ಪುಟ

ವೆಬ್‌ಸೈಟ್ ವಿನ್ಯಾಸ ಮಾಡುವ ಈ ಪುಣ್ಯಾತ್ಮನನ್ನು ಆಫೀಸಿನಲ್ಲಿ ಎಲ್ಲರೂ 'ಗುರುಗಳು' ಎಂದೇ ಕರೆಯುತ್ತಿದ್ದರು. ಅದು ಗೇಲಿಯೆಂದು ಅವನಿಗೆ ಹೊಳೆದಿರಲೇ ಇಲ್ಲ. ಯಾವುದೋ ಶಿಬಿರದಲ್ಲಿ ಕಾಲು ಜೋಮು ಹಿಡಿಯುವವರೆಗೆ ಕೂತು ಝೆನ್ ಧ್ಯಾನ ಕಲಿತು ಬಂದಿದ್ದನಲ್ಲ, ಅಂದಿನಿಂದ ಅವನ ಕೈಗೆ ಸಿಕ್ಕ ಪುಟಗಳೆಲ್ಲ ಬೋಳಾಗತೊಡಗಿದವು. ಮೆನು ಹೋಯಿತು, ಚಿತ್ರ ಹೋಯಿತು, ಅಕ್ಷರಗಳು ಬಿಳಿಚಿಕೊಂಡವು. ತನ್ನ ಫೋನನ್ನೂ ಬಿಡದೆ, ಹೆಂಡತಿಯ ನಂಬರೊಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಅಳಿಸಿ ಹಗುರಾದ. ಅದನ್ನೂ ಅಳಿಸುವಷ್ಟು ಧೈರ್ಯವನ್ನು ಶಿಬಿರದಲ್ಲಿ ಕಲಿಸಿರಲಿಲ್ಲ ಎನ್ನಿ.

ಕೊನೆಗೆ ಅವನ ಕಣ್ಣು ಬಿದ್ದದ್ದು ಅಕ್ಕನ ಮೇಲೆ. ಅಕ್ಕನದು ಬೀಗ ರಿಪೇರಿ ಅಂಗಡಿ. ಇವನಿಗೆ ಅನ್ನ ಹಾಕಿ ಓದಿಸಿದ್ದೇ ಆ ಅಂಗಡಿ. ಅವಳ ಹಳೆಯ ವೆಬ್‌ಸೈಟಿನಲ್ಲಿ ಹಳದಿ ಬಣ್ಣದ ಮೇಲೆ ಕುಂಬಳಕಾಯಿ ಗಾತ್ರದ ಫೋನ್ ನಂಬರು. ಇವನು ಅದನ್ನೆಲ್ಲ ಅಳಿಸಿಹಾಕಿದ. ಈಗ ಅಲ್ಲಿ ಬರೀ ಬಿಳಿ, ನಡುವೆ ಉಸಿರಾಡುವಂತೆ ಉಬ್ಬಿ ಇಳಿಯುವ ಬೂದು ವೃತ್ತ. ಮುಟ್ಟದೆ ಸುಮ್ಮನೆ ನೋಡುತ್ತ ಕೂತರೆ ನಂಬರು ಮೆಲ್ಲನೆ ಮೂಡುತ್ತದೆ. ಮುಟ್ಟಿದಿರೋ, ಮತ್ತೆ ಮೊದಲಿಂದ.

"ಬೀಗ ತೆಗಿಯೋಕಾಗ್ದೆ ಮನೆ ಹೊರಗೆ ಒದ್ದಾಡೋರು ಧ್ಯಾನ ಮಾಡ್ತಾರೇನೋ?" ಎಂದಳು ಅಕ್ಕ.

"ಅವರಿಗೇ ಅಕ್ಕಾ ಶಾಂತಿ ಬೇಕಾಗಿರೋದು."

ಶಾಂತಿ ಬಂತು, ಅಕ್ಕನ ಅಂಗಡಿಗೆ. ಫೋನು ರಿಂಗಾಗುವುದನ್ನೇ ಮರೆಯಿತು.

"ಹಿಂಗೇ ಆದ್ರೆ ಅಂಗಡಿ ಮುಚ್ಚಬೇಕಾಗುತ್ತೆ ಕಣೋ. ಹಳೇದನ್ನೇ ಹಾಕ್ಕೊಡು" ಎಂದು ಅಕ್ಕ ಗೋಗರೆದಳು.

"ನಿಂಗೆ ತಾಳ್ಮೆ ಇಲ್ಲ" ಎಂದ ಮಹಾನುಭಾವ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇವನು ಆಗಲೇ ಕಣ್ಣು ಮುಚ್ಚಿ ಉಸಿರು ಗಮನಿಸುತ್ತಿದ್ದ.

ಮರುದಿನ ಬೆಳಿಗ್ಗೆ ಬಚ್ಚಲುಮನೆಯ ಚಿಲಕ ಕೆಟ್ಟು ಗುರುಗಳು ಒಳಗೇ ಉಳಿದರು. ಒದ್ದೆ ತಲೆ, ಸೊಂಟಕ್ಕೊಂದು ಟವೆಲು, ಕೈಯಲ್ಲಿ ಫೋನು. ಕೆಲಸಕ್ಕೆ ಹೋಗಿದ್ದ ಹೆಂಡತಿಗೆ ಫೋನ್ ಹಚ್ಚಿದ.

"ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡಿದೀನಿ ಕಣೇ! ಅಕ್ಕನ ನಂಬರ್ ಕೊಡು, ಬೇಗ!"

"ವೆಬ್‌ಸೈಟಲ್ಲಿದೆಯಲ್ರೀ, ನೋಡ್ಕೊಳ್ಳಿ" ಎಂದವಳೇ ಫೋನ್ ಇಟ್ಟಳು.

ಪುಟ ತೆರೆದ. ವೃತ್ತ ಉಬ್ಬಿತು, ಇಳಿಯಿತು. ಅವಸರದ ಬೆರಳು ತಾಗಿತು, ಮತ್ತೆ ಮೊದಲಿಂದ. ಹೀಗೇ ಅರ್ಧ ಗಂಟೆ ಕಳೆಯಿತು. ಇನ್ನೇನು ನಂಬರು ಮೂಡಬೇಕು, ಕೂದಲಿಂದ ಹನಿಯೊಂದು ಪರದೆಯ ಮೇಲೆ ಬಿತ್ತು.

"ಥೂ! ಯಾವ ಮುಠ್ಠಾಳ ಇದನ್ನ ಮಾಡಿದ್ದು!" ಎಂದು ಕಿರುಚಿದ. ಕಿರುಚಿದ ಮೇಲೆ ಅದು ಯಾರೆಂದು ನೆನಪಾಯಿತು.

"ನಾನೇ ಓದಿಸಿದ ಮುಠ್ಠಾಳ ಕಣೋ" ಎಂದಿತು ಬಾಗಿಲಾಚೆಯಿಂದ ಅಕ್ಕನ ದನಿ. ಹೆಂಡತಿ ಅವಳಿಗೆ ಸುದ್ದಿ ಮುಟ್ಟಿಸಿದ್ದಳು. ಮುಂಬಾಗಿಲಿನ ಬೀಗ ಅಕ್ಕನಿಗೆ ಯಾವ ಲೆಕ್ಕ!

"ಅಕ್ಕಾ, ಬಾಗಿಲು ತೆಗಿಯೇ!"

"ತೆಗೀತೀನಿ. ಮೊದಲು ನನ್ನ ನಂಬರ್ ಹಾಕು."

ಗುರುಗಳು ಹಲ್ಲು ಕಟಕಟಿಸುತ್ತ ಫೋನಿನಲ್ಲೇ ಪುಟಕ್ಕೆ ಹಳದಿ ಬಳಿದರು. ಅಕ್ಕ ಹೊರಗಿಂದ ಒಂದೊಂದೇ ಅಂಕಿ ಹೇಳಿದಳು.

"ಇಷ್ಟು ದಪ್ಪ ಸಾಕಾ ಅಕ್ಕಾ?"

ಅಕ್ಕ ತನ್ನ ಫೋನಿನಲ್ಲಿ ನೋಡಿದಳು. "ಇನ್ನೂ ದಪ್ಪ ಮಾಡೋ. ಅಳ್ತಾ ಇರೋರ ಕಣ್ಣಿಗೂ ಕಾಣಬೇಕು."

ಅವನು ಇನ್ನೂ ದಪ್ಪ ಮಾಡಿದ. ಆಮೇಲೆ ಬಾಗಿಲು ತೆರೆಯಿತು.