‘ಖಾಲಿ ಮಾಡಿ’ ಎಂಬುದು ವಾಕ್ಯವೇ?

ಒಂದು ವಾಕ್ಯ ಪೂರ್ಣವಾಗಿದೆಯೋ ಇಲ್ಲವೋ ಎಂದು ಹೇಳಿಯೇ ನಾನು ಇಷ್ಟು ವರ್ಷ ಅನ್ನ ತಿಂದಿರುವುದು. ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಅಧಿಕಾರವನ್ನು ಯಾರೂ ಕೊಡುವುದಿಲ್ಲ. ‘ರಾಮನು ಹಣ್ಣನ್ನು’ ಎಂದು ಬರೆದು ಕೈ ತೊಳೆದುಕೊಂಡ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, “ಹಣ್ಣನ್ನು ಏನು ಮಾಡಿದನಪ್ಪಾ, ತಿಂದನೋ ಮಾರಿದನೋ?” ಎಂದು ಕೇಳುವುದರ ಸುಖವೇ ಬೇರೆ. ಕ್ರಿಯಾಪದ ಬಂದಿತೋ, ವಾಕ್ಯ ಮುಗಿಯಿತು. ಬರಲಿಲ್ಲವೋ, ಅರ್ಧಕ್ಕೇ ನಿಂತಿತು. ಈ ಸೂತ್ರವನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಜಗತ್ತನ್ನು ಉದ್ಧಾರ ಮಾಡಿದವನಂತೆ ಸ್ಟಾಫ್ ರೂಮಿಗೆ ಹೋಗುತ್ತೇನೆ.

ತರಗತಿಯ ಹೊರಗೆ ಮಾತ್ರ ಈ ಸೂತ್ರಕ್ಕೆ ಯಾರೂ ಕ್ಯಾರೇ ಅನ್ನುವುದಿಲ್ಲ. ನಮ್ಮ ಗೋವಿಂದರಾಜನಗರದಲ್ಲಿ ಪೂರ್ಣ ವಾಕ್ಯ ಮಾತಾಡುವವನನ್ನು ಜನ ಇನ್ಶೂರೆನ್ಸ್ ಏಜೆಂಟ್ ಎಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ. ಹೋಟೆಲಿನಲ್ಲಿ ಒಮ್ಮೆ “ನನಗೆ ಒಂದು ಮಸಾಲೆ ದೋಸೆಯನ್ನು ಕೊಡಿ” ಎಂದೆ. ಸಪ್ಲೈಯರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಒಂದ್ ಮಸಾಲೇ” ಎಂದು ಒಳಗೆ ಕೂಗಿ, ನನ್ನ ವಿಭಕ್ತಿ ಪ್ರತ್ಯಯವನ್ನೂ ಕ್ರಿಯಾಪದವನ್ನೂ ಟೇಬಲ್ಲಿನ ಜೊತೆಗೇ ಒರೆಸಿಹಾಕಿದ. ದೋಸೆ ಬಂತು, ಗರಿಗರಿಯಾಗಿಯೇ ಬಂತು. ಇಡೀ ಊರಿನಲ್ಲಿ ಪೂರ್ಣ ವಾಕ್ಯದ ಮರ್ಯಾದೆ ಉಳಿಸಿರುವುದು ಮೆಟ್ರೋ ರೈಲೊಂದೇ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂಬುದನ್ನು ಅದು ಕರ್ತೃ, ಕ್ರಿಯೆ ಸಮೇತ ಹೇಳುತ್ತದೆ. ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಅತ್ತಿಗುಪ್ಪೆ ಬಂದಾಗ ಹಿಂದಿನಿಂದ ಯಾವನೋ “ಗುರು, ಸ್ವಲ್ಪ” ಎನ್ನುತ್ತಾನೆ. ಸ್ವಲ್ಪ ಏನು? ಯಾರೂ ಕೇಳುವುದಿಲ್ಲ, ಎಲ್ಲರೂ ಸರಿದು ದಾರಿ ಬಿಡುತ್ತಾರೆ.

ಇಂಥ ನನ್ನ ಪಾಂಡಿತ್ಯಕ್ಕೆ ಪರೀಕ್ಷೆ ಒಡ್ಡಿದವರು ನಮ್ಮ ಮನೆಯ ಓನರ್ ನಂಜಪ್ಪನವರು. ಈಗ ನಮ್ಮ ರಸ್ತೆ ಇರುವ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಮೊಮ್ಮಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ಅವರು ಮೇಲೆ, ನಾವು ಕೆಳಗೆ. ನನ್ನ ಮಗಳು ಅಂಬೆಗಾಲಿಟ್ಟದ್ದು ಈ ಮನೆಯಲ್ಲಿ, ಈಗ ಕಾಲೇಜಿಗೆ ಹೊರಡುವುದೂ ಈ ಮನೆಯಿಂದಲೇ. ಶನಿವಾರ ಬೆಳಿಗ್ಗೆ ನಂಜಪ್ಪನವರು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡೇ, “ಮೇಷ್ಟ್ರೇ, ಮುಂದಿನ ತಿಂಗಳು ಮನೆ ಖಾಲಿ ಮಾಡಿ” ಎಂದರು. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. “ಹಾ, ಬಂದೆ ಬಂದೆ” ಎಂದು ಅದಕ್ಕೆ ಹೇಳಿ, ನನ್ನತ್ತ ಕೈಯಾಡಿಸಿ, ಕೆಂಗೇರಿಯ ಬೀಗರ ಮನೆಗೆ ಹೊರಟೇಬಿಟ್ಟರು.

ಕನ್ನಡ ಬಲ್ಲವರಿಗೆ ನನ್ನ ಸಂಕಟ ಆಗಲೇ ತಿಳಿದಿರಬೇಕು. ‘ಮಾಡಿ’ ಎನ್ನುವುದು ಅಪ್ಪಣೆಯೂ ಹೌದು, ಕೃದಂತಾವ್ಯಯವೂ ಹೌದು. ‘ಊಟ ಮಾಡಿ’ ಎಂದರೆ ಎಲೆಯ ಮುಂದೆ ಕೂರಿಸುವ ಉಪಚಾರ. ‘ಊಟ ಮಾಡಿ ಮಲಗಿದರು’ ಎಂದರೆ ಅದೇ ಶಬ್ದ ಮುಂದಿನ ಕ್ರಿಯಾಪದದ ದಾರಿ ಕಾಯುವ ಅರ್ಧ ಮಾತು. ಇಂಥ ಅಪಾಯಕಾರಿ ಶಬ್ದವನ್ನು ನಮ್ಮ ಹಳೆಯ ವೈಯಾಕರಣರು ಹಾಗೆಯೇ ಬಿಟ್ಟುಹೋದರು. ಅವರೆಲ್ಲ ಸ್ವಂತ ಮನೆಯಲ್ಲಿದ್ದರು ಎಂದು ಕಾಣುತ್ತದೆ.

ನನ್ನ ಹೆಂಡತಿ ಸುಮಿತ್ರಾ ವ್ಯಾಕರಣ ಓದಿದವಳಲ್ಲ, ಆದರೆ ನೇರವಾಗಿ ಬುಡಕ್ಕೇ ಕೈ ಹಾಕಿದಳು. “ಮಾಡಿ ಅಂತ ಕಡಿದ್ರಾ, ಮಾಡೀ… ಅಂತ ಎಳೆದ್ರಾ?”

“ಸ್ಕೂಟರ್ ಸದ್ದು ಕಣೇ, ಗೊತ್ತಾಗ್ಲಿಲ್ಲ.”

“ಎಲ್ಲಿ, ಅವರ ಥರಾನೇ ಒಂದ್ಸಲ ಹೇಳಿ.”

ಹೇಳಿದೆ. ಒಮ್ಮೆ ಕಡಿದು, ಒಮ್ಮೆ ಎಳೆದು, ಒಮ್ಮೆ ಸ್ಕೂಟರಿನ ಸದ್ದನ್ನೂ ಬಾಯಲ್ಲೇ ಸೇರಿಸಿ. ಮಗಳು ರೂಮಿನಿಂದ ಬಂದು, “ಅಪ್ಪಾ, ಯಾರನ್ನ ಓಡಿಸ್ತಾ ಇದೀಯ?” ಎಂದಳು. ವಿಷಯ ತಿಳಿದ ಮೇಲೆ, “ಒಂದು ಫೋನ್ ಮಾಡಿ ಕೇಳೋಕಾಗಲ್ವಾ?” ಎಂದಳು.

ಕೇಳಬಹುದಿತ್ತು, ಕೇಳಲಿಲ್ಲ. ಆ ಸಂಜೆ ಗಾಳಿ ಸೇವನೆಯ ನೆಪದಲ್ಲಿ ವಿಜಯನಗರದ ಗಲ್ಲಿಗಳಲ್ಲಿ ಟು ಲೆಟ್ ಬೋರ್ಡುಗಳನ್ನು ಓದಿಕೊಂಡು ಬಂದೆ. ‘ಫ್ಯಾಮಿಲಿಗೆ ಮಾತ್ರ.’ ‘ಚಿಕ್ಕ ಸಂಸಾರ.’ ಒಂದಕ್ಕೂ ತಲೆಯಿಲ್ಲ, ಬಾಲವಿಲ್ಲ. ಅರ್ಥಕ್ಕೆ ಮಾತ್ರ ಏನೂ ಕೊರತೆಯಿಲ್ಲ. ನಿಜ ಹೇಳುತ್ತೇನೆ, ಹೆದರಿಕೆಯಾಗಿತ್ತು. ಪೂರ್ಣ ವಾಕ್ಯಕ್ಕಾಗಿ ಮಕ್ಕಳ ಜೀವ ತಿನ್ನುವ ನಾನು, ಒಂದು ವಾಕ್ಯ ಅರ್ಧವೇ ಆಗಿರಲಪ್ಪಾ ಎಂದು ದೇವರಿಗೆ ಕೈಮುಗಿದೆ. ಅರ್ಧ ಮಾತಿನಲ್ಲಾದರೆ ಇನ್ನೂ ಸ್ವಲ್ಪ ಜಾಗವಿರುತ್ತದೆ.

ಭಾನುವಾರ ಸಂಜೆ ನಂಜಪ್ಪನವರು ವಾಪಸಾದರು. ಮೆಟ್ಟಿಲು ಹತ್ತಿ ಹೋಗಿ, “ನಿನ್ನೆ ಏನೋ ಹೇಳ್ತಾ ಇದ್ರಿ…” ಎಂದೆ.

“ಅದೇ ಮೇಷ್ಟ್ರೇ, ಮನೆ ಖಾಲಿ ಮಾಡಿ” ಎಂದವರು ಕಾಫಿ ಲೋಟವನ್ನು ಬಾಯಿಗಿಟ್ಟರು. ಒಂದು ಗುಟುಕು ಕಾಫಿಯನ್ನು ಮನುಷ್ಯನೊಬ್ಬ ಇಷ್ಟು ವ್ಯವಧಾನದಿಂದ ನುಂಗಬಹುದೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಲೋಟ ಕೆಳಗಿಳಿಯಿತು. “ಪೇಂಟ್ ಹೊಡಿಸೋಣ ಅಂತ. ಗೋಡೆ ಎಲ್ಲಾ ಉದುರ್ತಾ ಇದೆ. ಸಾಮಾನೆಲ್ಲ ಟೆರೇಸ್ ರೂಮಿಗೆ ಹಾಕ್ಕೊಳ್ಳಿ, ಒಂದು ವಾರ ನೀವೂ ಅಲ್ಲೇ ಇರಿ.”

ಅಷ್ಟಕ್ಕೇ ಕೈಮುಗಿದು ಕೆಳಗಿಳಿಯಬಹುದಿತ್ತು. ಆದರೂ ಹುಟ್ಟುಗುಣ ಸುಟ್ಟರೂ ಹೋಗದು. ಮಾತಿನ ಕೊನೆ ಕಾಣದೆ ಎದ್ದು ಹೋಗುವವನು ನಾನಲ್ಲ. “ಆಮೇಲೆ?” ಎಂದೆ. ನನ್ನ ಬಾಯಿಂದ ಹೊರಟದ್ದು ಶುದ್ಧಾಂಗವಾದ ಅಪೂರ್ಣ ವಾಕ್ಯ.

“ಆಮೇಲೆ ಇನ್ನೇನು? ಬನ್ನಿ.”

ಮೆಟ್ಟಿಲಿಳಿಯುವಾಗ ಹೊಳೆಯಿತು. ಮಾಡಿ, ನೋಡಿ, ಹೋಗಿ ಎಂಬುವಕ್ಕೆ ಎರಡೆರಡು ಮುಖವಿಟ್ಟ ಕನ್ನಡ, ‘ಬನ್ನಿ’ಗೆ ಒಂದೇ ಮುಖ ಇಟ್ಟಿದೆ. ಅರ್ಧ ಮಾತಿಗೆ ಬೇಕಾದರೆ ‘ಬಂದು’ ಬೇರೆಯೇ ಇದೆ. ಹೋಗಿ ಎಂದವರು ಮುಂದೆ ಇನ್ನೇನೋ ಹೇಳುವವರಿದ್ದರು ಎಂದು ನಾವು ಆಸೆ ಇಟ್ಟುಕೊಳ್ಳಬಹುದು. ಬನ್ನಿ ಎಂದವರನ್ನು ಮಾತ್ರ ಅನುಮಾನಿಸಲು ವ್ಯಾಕರಣದಲ್ಲೇ ಜಾಗವಿಲ್ಲ.