ಅಮ್ಮನ ಉಂಗುರದ ಹಸಿರು ಕಲ್ಲು

ಆಕೆ ನಮ್ಮಮ್ಮನ ಉಂಗುರವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು ಎಂದು ನನ್ನ ನೆನಪು. ‘ಇಲ್ಲಾರೀ, ಕನ್ನಡಕ ಏರಿಸಿ ನೋಡಿದ್ರು ಅಷ್ಟೆ’ ಎನ್ನುತ್ತಾಳೆ ಹೆಂಡತಿ. ಯಾರು ಸರಿಯೋ ಗೊತ್ತಿಲ್ಲ.

ಮೆಟುಚೆನ್ ಊರಿನ ಕರಕುಶಲ ಸಂತೆಯಲ್ಲಿ ಅಮೆರಿಕದ ಮೂಲನಿವಾಸಿ ನವಾಹೋ ಜನಾಂಗದ ಆ ಮಹಿಳೆ, ಬೆಳ್ಳಿ ಬಳೆಯ ಮೇಲೆ ಉಕ್ಕಿನ ಅಚ್ಚಿಟ್ಟು ಸುತ್ತಿಗೆಯಿಂದ ಹೂವು ಮೂಡಿಸುತ್ತಿದ್ದರು. ಅಚ್ಚುಗಳು ಅವರ ತಾತ ಮಾಡಿದ್ದಂತೆ. ಅಮ್ಮ ಬದುಕಿದ್ದಾಗ ಅರಿಜೋನಾದಲ್ಲಿ ಇಂಥವರೇ ಒಬ್ಬ ಕುಶಲಕರ್ಮಿಯಿಂದ ಆಸೆಪಟ್ಟು ಕೊಂಡಿದ್ದ ಉಂಗುರ ಅದು. ಆಗ ಆಕಾಶನೀಲಿಯಿದ್ದ ಟರ್ಕಾಯಿಸ್ ಕಲ್ಲು ಈಗ ಹಸಿರಾಗಿತ್ತು. ನೀಲಿಯಿದ್ದದ್ದೂ ನನ್ನ ಭ್ರಮೆಯೇನೋ! ಕೆಟ್ಟ ಕಲ್ಲನ್ನು ಬದಲಿಸಿ ಮಗಳಿಗೆ ಕೊಡೋಣವೆಂದು ತಂದಿದ್ದೆ.

ಕಲ್ಲನ್ನು ಕಚ್ಚಿ ಹಿಡಿದಿದ್ದ ಬೆಳ್ಳಿಯ ಪುಟ್ಟ ಹಲ್ಲುಗಳನ್ನು ಬೆರಳಿನಿಂದ ಸವರಿ ಆಕೆ ಕೇಳಿದರು: ‘ಇದನ್ನು ಹಾಕಿಕೊಳ್ತಿದ್ದವರ ಕೈಗೆ ಎಣ್ಣೆ ತಾಗ್ತಿತ್ತಾ?’

ನಾನು ಯೋಚಿಸುವಷ್ಟರಲ್ಲಿ ಮಗಳು, ‘ಓ ಮೈ ಗಾಡ್, ಅಪ್ಪಾ! ನನ್ನ ಹೇರ್ ಆಯಿಲ್! ಎವ್ರಿ ಸಂಡೇ ಅಜ್ಜಿ...’ ಎಂದವಳು ತನ್ನ ತಲೆಗೂದಲು ಮುಟ್ಟಿಕೊಂಡಳು.

‘ಹಾಗಿದ್ರೆ ಕಲ್ಲು ಕೆಟ್ಟಿಲ್ಲ. ಬೇಕಿದ್ರೆ ತೆಗೆದು ಬೇರೆ ಕೂರಿಸ್ತೀನಿ. ತೆಗೀಲಾ?’ ಎಂದು ಆಕೆ ನನ್ನನ್ನು ಕೇಳಲಿಲ್ಲ, ಮಗಳನ್ನು ಕೇಳಿದರು. ಅವಳು ಉಂಗುರವನ್ನು ತೆಗೆದುಕೊಂಡು ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

ಈಗ ಅದು ಅವಳ ಬೆರಳಿನಲ್ಲೇ ಇದೆ. ಆಕೆ ಮೂಸಿದರೋ ಇಲ್ಲವೋ, ಒಂದನ್ನು ಮಾತ್ರ ಮನೆಗೆ ಬಂದು ಹುಡುಕಿ ಖಚಿತಪಡಿಸಿಕೊಂಡೆ: ಟರ್ಕಾಯಿಸ್ ಕಲ್ಲು, ತೊಟ್ಟವರ ಕೈಯ ಎಣ್ಣೆಯನ್ನು ಹೀರಿಕೊಂಡು, ವರ್ಷ ಕಳೆದಂತೆ ಹಸಿರಿಗೆ ತಿರುಗುತ್ತದೆ.