ಒಣಹಳ್ಳದ ಆಚೆ ದಡ

ಇಲ್ಲಿಗೆ ಬಂದ ನಾಲ್ಕನೆಯ ದಿನ, ಸಿಂಹ ಎದುರಾದರೆ ಹೇಗೆ ನಿಲ್ಲಬೇಕು ಎಂಬುದನ್ನು ಒಂದು ಬೋರ್ಡು ನನಗೆ ಕಲಿಸಿತು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬದಿಯ ನೆವಾರ್ಕಿನಲ್ಲಿರುವ ಮಗಳ ಮನೆಯಿಂದ ಸ್ವಲ್ಪ ದೂರದಲ್ಲಿ ಬೋಳು ಗುಡ್ಡಗಳಿವೆ. ರಜೆಯ ದಿನ ಜನ ಸುಮ್ಮನೆ ಹತ್ತಿ, ಸುಮ್ಮನೆ ಇಳಿದು, ಮನೆಗೆ ಹೋಗುತ್ತಾರೆ. ಗೇಟಿನ ಬಳಿ, ಇಲ್ಲಿಯವರು ಬೆಟ್ಟಸಿಂಹ ಎನ್ನುವ ಕೇಸರವಿಲ್ಲದ ಒಂದು ಸಿಂಹದ ಚಿತ್ರ, ಕೆಳಗೆ ಸೂಚನೆಗಳು.

"ಓಡಬಾರದಂತೆ ಅಪ್ಪ. ಕೈ ಎತ್ತಿ ದೊಡ್ಡ ಜನದ ಹಾಗೆ ಕಾಣಬೇಕಂತೆ," ಎಂದು ಮಗಳು ಶಶಿ ಓದಿ ಹೇಳಿದಳು.

ಆಗ ಎಂಟು ವರ್ಷದವಳಾಗಿದ್ದ ಮೊಮ್ಮಗಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಅಜ್ಜ, ಯು ಸ್ಟ್ಯಾಂಡ್ ಬಿಹೈಂಡ್ ಮಿ," ಎಂದಳು.

ಮೂವರೂ ನಕ್ಕೆವು. ನಗುತ್ತಲೇ ನಾನು ಆ ಬೋರ್ಡನ್ನು ಮತ್ತೊಮ್ಮೆ ನೋಡಿದೆ. ನಾನು ಒಮಾನಿನಲ್ಲಿ ಇಪ್ಪತ್ತನಾಲ್ಕು ವರ್ಷ ಪ್ರವಾಸಿಗರನ್ನು ಗಾಡಿಯಲ್ಲಿ ಕೂರಿಸಿಕೊಂಡು ಮರುಭೂಮಿ ತೋರಿಸಿದವನು. ಅಲ್ಲಿ ನನ್ನ ಕಾಲದಲ್ಲಿ ಬೋರ್ಡುಗಳಿರಲಿಲ್ಲ. ಎಚ್ಚರಿಕೆಯನ್ನು ಯಾರಾದರೂ ಒಬ್ಬರು ಬಾಯಲ್ಲಿ ಹೇಳಬೇಕಿತ್ತು, ಕೇಳುವವನು ಕೇಳಬೇಕಿತ್ತು. ನಾನು ಒಮ್ಮೆ ಕೇಳಲಿಲ್ಲ. ಅದರಿಂದ ಒಬ್ಬರ ಜೀವ ಹೋಯಿತು. ಹೋದ ಮೇಲೆ ನಾನು ಸುಳ್ಳು ಹೇಳಿದೆ. ಊರಿನವರು ಓದಲಿ ಎಂದು ಅದನ್ನೇ ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೆಯ ತರಗತಿ, ತಪ್ಪಿದ್ದರೆ ತಿದ್ದಿಕೊಳ್ಳಿ.

ಹೆಂಡತಿ ಗಿರಿಜಾ ತೀರಿಕೊಂಡ ಮೇಲೆ, ಉಡುಪಿಯಿಂದ ದಕ್ಷಿಣಕ್ಕೆ ಕಡಲ ಬದಿಯಲ್ಲಿದ್ದ ನನ್ನ ಮನೆಗೆ ಬೀಗ ಹಾಕಿ ಶಶಿ ನನ್ನನ್ನು ಇಲ್ಲಿಗೆ ಕರೆತಂದಳು. ಆರು ವರ್ಷವಾಯಿತು. ಮನೆ ಮರದ್ದು, ನಡೆದರೆ ನೆಲ ಮಾತಾಡುತ್ತದೆ. ಹಿತ್ತಿಲಿಗೆ ಎತ್ತರದ ಹಲಗೆ ಬೇಲಿ. ಪಕ್ಕದ ಮನೆಯವನ ಕೈ ಮಾತ್ರ ಬೇಲಿಯ ಮೇಲೆ ಕಾಣಿಸುತ್ತದೆ, ಬೀಸುತ್ತಾನೆ, ನಾನೂ ಬೀಸುತ್ತೇನೆ. ಮುಖ ಸರಿಯಾಗಿ ನೋಡಿದ್ದು ಎರಡೇ ಸಲ. ಬಸಳೆ ನೆಟ್ಟೆ, ಚಳಿಗೆ ಸುಟ್ಟುಹೋಯಿತು. ಮೀನಿನ ಅಂಗಡಿಯ ಚೀನೀ ಹೆಂಗಸಿಗೆ ಮಂಜುಗಡ್ಡೆಯೊಳಗಿನ ಬಂಗುಡೆಯನ್ನು ನಮ್ಮ ಹಾಗೆ ಕೊಯ್ಯಲು ಕೈಸನ್ನೆಯಲ್ಲಿ ಕಲಿಸಿದ್ದು ನನ್ನ ದೊಡ್ಡ ಗೆಲುವು. ಈಗ ನನ್ನನ್ನು ಕಂಡರೆ ಅವಳು ಕೇಳದೆಯೇ ಗೀರು ಹಾಕಿ ಕೊಡುತ್ತಾಳೆ. ಕೊಲ್ಲಿಯ ಅಂಚಿನಲ್ಲಿ ಉಪ್ಪಿನ ಗದ್ದೆಗಳಿವೆ. ಗಾಳಿ ಈಚೆ ಬೀಸಿದಾಗ ಕಡಲಿನ ವಾಸನೆ ಬರುತ್ತದೆ, ಆದರೆ ಮೀನು ಮಾರುವವಳ ಕೂಗು ಬರುವುದಿಲ್ಲ. ಅಷ್ಟು ಹೊತ್ತು ನಾನು ಎಲ್ಲಿದ್ದೇನೆಂದು ತಿಳಿಯುವುದಿಲ್ಲ.

ಇಲ್ಲಿ ಮಳೆ ಚಳಿಗಾಲಕ್ಕೆ. ಬೇಸಿಗೆಯಲ್ಲಿ ಗುಡ್ಡದ ಹುಲ್ಲು ಒಣಗಿ ಹಳದಿಯಾಗುತ್ತದೆ. ಇವರು ಅದನ್ನು ಚಿನ್ನ ಅನ್ನುತ್ತಾರೆ. ಬಡಾವಣೆಯ ನಡುವೆ ಒಂದು ಕ್ರೀಕು, ಅಂದರೆ ಹಳ್ಳ. ಸಿಮೆಂಟಿನ ತಳ, ಎರಡು ಬದಿಗೆ ತಂತಿಬೇಲಿ. ನೀರಿಲ್ಲದ ದಿನ ಜನ ತಳದಲ್ಲೇ ನಾಯಿ ನಡೆಸುತ್ತಾರೆ. ನಾನು ಇಳಿಯುವುದಿಲ್ಲ. ಸೇತುವೆಯ ತನಕ ಸುತ್ತು ಹೊಡೆದು, ದಾಟುವ ಮೊದಲು ದೂರದ ಗುಡ್ಡದ ಕಡೆ ನೋಡುತ್ತೇನೆ. "ಅಜ್ಜ, ದೇರ್ ಈಸ್ ನೋ ವಾಟರ್!" ಎಂದು ಮೊಮ್ಮಗಳು ನಗುತ್ತಾಳೆ. ನೀರಿಲ್ಲದ ಹಳ್ಳವೇ ನನಗೆ ಭಯ ಎಂದು ಅವಳಿಗೆ ಹೇಗೆ ಹೇಳಲಿ?

ಭಾನುವಾರಗಳಲ್ಲಿ ವಿದ್ಯಾ ಬರುತ್ತಿದ್ದಳು. ನನ್ನ ಹೆಂಡತಿಯ ತಮ್ಮ ವಸಂತನ ಒಬ್ಬಳೇ ಮಗಳು, ಮೂವತ್ತೆರಡು ವರ್ಷ, ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಔಷಧಿ ಸಂಶೋಧನೆಯ ಲ್ಯಾಬಿನಲ್ಲಿ ಕೆಲಸ. ಕಾರಿನಲ್ಲಿ ಮುಕ್ಕಾಲು ಗಂಟೆಯ ದಾರಿಗೆ ಅವಳು ರೈಲು ಹತ್ತಿ, ಮತ್ತೆ ಬಸ್ಸು ಹಿಡಿದು, ಎರಡೂವರೆ ಗಂಟೆ ತೆಗೆದುಕೊಳ್ಳುತ್ತಿದ್ದಳು. ಅವಳು ಗಾಡಿ ಓಡಿಸುವುದಿಲ್ಲ. ಕಾರಣ ಒಮ್ಮೆ ಅವಳೇ ಹೇಳಿದ್ದಳು: "ನಂದು ಅಪ್ಪನ ರಕ್ತ ಅಲ್ವಾ ಮಾವ. ಅವಸರ ಯಾವಾಗ ಎದ್ದು ಬರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಲ್ಯಾಬಲ್ಲಿ ಎಲ್ಲ ಮೂರು ಸಲ ನೋಡ್ತೇನೆ. ಫ್ರೀವೇಯಲ್ಲಿ ಮೂರು ಸಲ ನೋಡ್ಲಿಕ್ಕೆ ಯಾರು ಬಿಡ್ತಾರೆ?"

ಅವಳಿಗೆ ಐದು ವರ್ಷವಾಗಿದ್ದಾಗ ವಸಂತ ಒಮಾನಿನ ಒಂದು ಹಳ್ಳದಲ್ಲಿ ಗಾಡಿ ಸಮೇತ ಕೊಚ್ಚಿಹೋದ. ಹಿರಿಯ ಡ್ರೈವರು ಬೇಡವೆಂದರೂ ಅವಸರದಿಂದ ಹಳ್ಳಕ್ಕಿಳಿದ ಎಂದು ಎಲ್ಲರಿಗೂ ಗೊತ್ತು. ಹಿರಿಯ ಡ್ರೈವರು ನಾನು.

ಕಳೆದ ಅಕ್ಟೋಬರಿನ ಒಂದು ಭಾನುವಾರ ಊಟವಾದ ಮೇಲೆ ಅವಳು ಕಾಗದ, ಪೆನ್ನು ನನ್ನ ಮುಂದಿಟ್ಟಳು. ಮನೆಯಲ್ಲಿ ನಮ್ಮ ಮಾತು ತುಳು, ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮಾವ, ಡಿಸೆಂಬರಲ್ಲಿ ಊರಿಗೆ ಹೋಗುವಾಗ ಮಸ್ಕತ್ತಲ್ಲಿ ಐದು ದಿನ ಇಳಿತೇನೆ. ಒಂದು ಪ್ಲಾನು ಬರ್ದು ಕೊಡಿ. ಎಲ್ಲಿಗೆ ಹೋಗ್ಬೇಕು, ಎಷ್ಟು ಹೊತ್ತಿಗೆ ಹೊರಡ್ಬೇಕು."

"ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಗಾ? ಕಲ್ಲು, ಮರಳು."

ಅಡುಗೆಮನೆಯಿಂದ ಶಶಿ, "ಇಪ್ಪತ್ತನಾಲ್ಕು ವರ್ಷ ಬಿಳಿಯರಿಗೆ ತೋರ್ಸಿದ್ದು ಅದೇ ಕಲ್ಲು ಮರಳಲ್ವಾ? ಅವಳಿಗಾದ್ರೆ ಮಾತ್ರ ಇಲ್ವಾ?" ಎಂದಳು.

ವಿದ್ಯಾ ನಗಲಿಲ್ಲ. "ಅಪ್ಪ ಹೋದ ಜಾಗ ನೋಡ್ಬೇಕು. ಅಲ್ಲಿ ನಿಂತು ಒಂದು ಸಲ ಗಟ್ಟಿಯಾಗಿ ಬೈಬೇಕು. ಐದು ನಿಮಿಷ ಕಾಯ್ಲಿಕ್ಕೆ ಆಗ್ಲಿಲ್ವಾ ನಿಮ್ಗೆ, ಅಂತ."

ನಾನು ಬರೆಯತೊಡಗಿದೆ. ಮೊದಲ ದಿನ ಮಸ್ಕತ್ತಿನ ಬಂದರಿನ ಬದಿಯ ನಡಿಗೆ. ಕೋಟೆಯನ್ನು ಕೆಳಗಿನಿಂದಲೇ ನೋಡಬೇಕು, ಬಿಸಿಲು ಏರುವ ಮೊದಲು. ಎರಡನೆಯ ದಿನ ನೆಲ ಕುಸಿದು ಆದ ದೊಡ್ಡ ಹೊಂಡ, ಒಳಗೆ ಹಸಿರು ನೀರು, ಮೆಟ್ಟಿಲುಗಳಿವೆ. ಬೆಳಗಿನ ಜಾವ ಆಮೆಗಳು ಮೊಟ್ಟೆಯಿಟ್ಟು ಕಡಲಿಗೆ ಮರಳುವ ತೀರ. ಮೂರನೆಯ ದಿನ ಮರಳ ದಿಬ್ಬ. ಅದರ ಅಂಚಿನ ಹಳ್ಳಿಯಲ್ಲಿ ಬಾಡಿಗೆ ಗಾಡಿಯ ಡ್ರೈವರಿಗೆ ಹೇಳಿ ಟೈರಿನ ಗಾಳಿ ಅರ್ಧ ತೆಗೆಸಬೇಕು; ಬಿಗಿ ಟೈರು ಹೂತುಹೋಗುತ್ತದೆ, ಸಡಿಲ ಟೈರು ಮರಳಿನ ಮೇಲೆ ತೇಲುತ್ತದೆ. ಹೊತ್ತು ಹೊತ್ತಿಗೆ ಬಣ್ಣ ಬದಲಿಸುವ ಆ ಮರಳನ್ನು ಬರೆಯುವಾಗ, ಇಲ್ಲಿಯ ಗುಡ್ಡ ನೋಡಿ ಆಗದ ಸಂತೋಷ ನನಗಾಯಿತು. ನಾಲ್ಕನೆಯ ದಿನ ಎಂದು ಬರೆದೆ. ಪೆನ್ನು ಅಲ್ಲೇ ನಿಂತಿತು.

ನಾಲ್ಕನೆಯ ದಿನ ನಾವು ತೋರಿಸುತ್ತಿದ್ದದ್ದು ವಾದಿ. ಅರಬ್ಬಿಯಲ್ಲಿ ವಾದಿ ಎಂದರೆ ಬೆಟ್ಟಗಳ ನಡುವಿನ ಒಣಹಳ್ಳ. ತಳದಲ್ಲಿ ಉರುಟು ಕಲ್ಲು, ಖರ್ಜೂರದ ಮರ, ಆಚೆ ದಡದ ಬಂಡೆಗಳ ನಡುವೆ ಈಜುವ ಗುಂಡಿಗಳು. ಆ ವಾದಿಯ ಹೆಸರು ಬರೆಯುವುದಿಲ್ಲ. ಅದರದ್ದೇನೂ ತಪ್ಪಿಲ್ಲ.

ಅಂದು ಎರಡು ಗಾಡಿ. ಮುಂದಿನದು ನನ್ನದು, ಮೂವರು ಜರ್ಮನರು. ಹಿಂದಿನದರಲ್ಲಿ ವಸಂತ ಒಬ್ಬನೇ, ಊಟದ ಡಬ್ಬ ಮತ್ತು ನೀರಿನ ಪೆಟ್ಟಿಗೆಗಳ ಜೊತೆ. ಅವನನ್ನು ಕೆಲಸಕ್ಕೆ ಕರೆಸಿಕೊಂಡವನು ನಾನೇ. ವಾದಿಯ ಬಾಯಲ್ಲಿ ಆಡು ಕಾಯುವ ಒಬ್ಬ ಮುದುಕ ಕೋಲು ಅಡ್ಡ ಹಿಡಿದು ನಿಲ್ಲಿಸಿದ. ದೂರದ ಬೆಟ್ಟ ತೋರಿಸಿ, "ಮತರ್, ಮತರ್," ಎಂದ. ಮಳೆ. ನಾನು ತಲೆ ಎತ್ತಿ ನೋಡಿದೆ. ನಮ್ಮ ಮೇಲೆ ನೀಲಿ ಆಕಾಶ. ಬೆಟ್ಟದ ತುದಿಯಲ್ಲಿ ಅಂಗೈಯಷ್ಟು ಕಪ್ಪು.

ವಸಂತ ಇಳಿದು ಬಂದ. "ಭಾವ, ಇವತ್ತು ಬೇಡ ಅಂತಿದ್ದಾರೆ. ಮೇಲೆ ಬಿದ್ದದ್ದು ಇಲ್ಲಿಗೆ ಬರ್ತದಂತೆ."

"ನಾವು ಯಾವ ಊರಿನವರು ಮಾರಾಯ? ನಾಲ್ಕು ತಿಂಗಳು ಮಳೆಯಲ್ಲಿ ನೆಂದವರಿಗೆ ಈ ಆಡು ಕಾಯುವವ ಮಳೆ ಕಲಿಸ್ಬೇಕಾ? ವರ್ಷಕ್ಕೊಮ್ಮೆ ಹನಿ ಬಿದ್ರೆ ಇವ್ರಿಗೆ ಪ್ರಳಯ."

ನಮ್ಮ ಊರಿನ ಮಳೆ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಮೊದಲು ಗಾಳಿ, ಗುಡುಗು, ಆಮೇಲೆ ಹನಿ. ಹೊಳೆ ತುಂಬಲು ಅದಕ್ಕೆ ಹೊತ್ತು ಬೇಕು. ಮಳೆ ಎಂದರೆ ಇಷ್ಟೇ ಎಂದು ನಾನು ತಿಳಿದಿದ್ದೆ. ನೆನೆಯದ ಜಾಗದಲ್ಲೂ ಮಳೆ ಕೊಲ್ಲುತ್ತದೆ ಎಂಬುದು ಅಷ್ಟು ವರ್ಷ ಅಲ್ಲಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಬೇರೆಯವರ ಬಾಯಲ್ಲಿ ಕೇಳಿದ್ದೆ, ನಂಬಿರಲಿಲ್ಲ.

"ನೀವು ಹೋಗಿ ಭಾವ. ನಾನು ಈಚೆಯೇ ನಿಲ್ತೇನೆ," ಎಂದ ವಸಂತ. ನಾನು ದಾಟಿದೆ. ಜರ್ಮನರು ಈಜಿದರು. ಮಧ್ಯಾಹ್ನ ಒಂದು ಗಂಟೆಗೆ ಅವರಿಗೆ ಹಸಿವಾಯಿತು. ಊಟ ವಸಂತನ ಗಾಡಿಯಲ್ಲಿ, ಈಚೆ ದಡದಲ್ಲೇ ಉಳಿದಿತ್ತು. ನಡೆದು ಹೋಗಿ ತರಬಹುದಿತ್ತು. ನನಗೆ ನಾಚಿಕೆಯಾಯಿತು, ನನ್ನ ಕೈಕೆಳಗಿನವನು ನನ್ನ ಮಾತು ಕೇಳದೆ ನಿಂತಿದ್ದಾನೆಂದು ಅತಿಥಿಗಳಿಗೆ ಕಾಣಬಾರದು ಅನಿಸಿತು. ನಮ್ಮಲ್ಲಿ ಒಂದು ಪದ್ಧತಿಯಿತ್ತು: ಮುಂದಿನ ಗಾಡಿ ಮೂರು ಸಲ ಉದ್ದ ಹಾರ್ನು ಹೊಡೆದರೆ ಹಿಂದಿನ ಗಾಡಿ ಮರುಮಾತಿಲ್ಲದೆ ಬರಬೇಕು. ನಾನು ಹೊಡೆದೆ. ಅವನು ಕೈ ಆಡಿಸಿ ಬೇಡವೆಂದ. ಮತ್ತೆ ಹೊಡೆದೆ.

ಅವನ ಗಾಡಿ ನಡುಹಳ್ಳಕ್ಕೆ ಬಂದಾಗ ನೀರು ಬಂತು. ಕಂದು ಬಣ್ಣದ ಗೋಡೆ, ಮುಂದುಗಡೆ ಕಸ, ಕೊಂಬೆ. ಆಗಲೂ ಮೇಲೆ ನೀಲಿ ಆಕಾಶ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಾಡಿಯ ಬಿಳಿ ತಲೆ ಒಮ್ಮೆ ಕಂಡಿತು, ಮತ್ತೆ ಕಾಣಲಿಲ್ಲ.

ಪೊಲೀಸರು ಕೇಳಿದಾಗ, ನಾನು ಬರಬೇಡವೆಂದೆ, ಅವನೇ ಬಂದ ಎಂದೆ. ಜರ್ಮನರಿಗೆ ನಮ್ಮ ಹಾರ್ನಿನ ಅರ್ಥ ಗೊತ್ತಿರಲಿಲ್ಲ. ಆ ಮುದುಕನನ್ನು ಯಾರೂ ಕೇಳಲಿಲ್ಲ. ಗಿರಿಜಾಗೆ ಅದನ್ನೇ ಹೇಳಿದೆ, ವಸಂತನ ಹೆಂಡತಿ ಸುಮತಿಗೆ ಅದನ್ನೇ ಬರೆದೆ. ಮುಂದೆ ಹನ್ನೊಂದು ವರ್ಷ ಹೊಸ ಡ್ರೈವರುಗಳಿಗೆ ಪಾಠ ಹೇಳುವ ಕೆಲಸ ನನ್ನದಾಯಿತು. ಪ್ರತಿ ತಂಡಕ್ಕೂ ವಸಂತನ ಹೆಸರು ಹೇಳಿ, "ನನ್ನ ಹೆಂಡತಿಯ ತಮ್ಮ. ಅವಸರ ಮಾಡಿದ," ಎನ್ನುತ್ತಿದ್ದೆ. ಕೆಲವರ ಕಣ್ಣಲ್ಲಿ ನೀರು ಬರುತ್ತಿತ್ತು. ನನಗೂ ಬರುತ್ತಿತ್ತು. ಅದು ಸುಳ್ಳು ಕಣ್ಣೀರಲ್ಲ ಎಂಬುದೇ ಈಗ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಪೆನ್ನು ಕೆಳಗಿಟ್ಟು ಇಷ್ಟನ್ನೂ ವಿದ್ಯಾಗೆ ಹೇಳಿದೆ. ಶಶಿ ಒದ್ದೆ ಕೈಯಲ್ಲೇ ಬಾಗಿಲಲ್ಲಿ ನಿಂತು ಕೇಳಿದಳು.

ವಿದ್ಯಾ ಅಳಲಿಲ್ಲ. "ಅಪ್ಪ ನಿಂತಿದ್ರಾ? ಈಚೆ ದಡದಲ್ಲಿ ನಿಂತಿದ್ರಾ?" ಎಂದು ಕೇಳಿದಳು.

"ನಿಂತಿದ್ದ."

"ಎಷ್ಟು ಹೊತ್ತು?"

"ಎರಡು ಗಂಟೆ. ಹೆಚ್ಚೇ ಇರಬಹುದು."

"ನಾನು ಸಣ್ಣದಿರುವಾಗ ಓಡಿದ್ರೆ ಅಮ್ಮ ಕೈ ಹಿಡಿದು ಕೂರಿಸ್ತಿದ್ರು. ಅಪ್ಪನ ಹಾಗೆ ಮಾಡ್ಬೇಡ ಅಂತ. ನೀವು ರಜೆಗೆ ಬಂದಾಗ ಅಲ್ಲೇ ಕೂತು ಕೇಳ್ತಿದ್ರಿ. ಚಾಕ್ಲೇಟು ಕೊಡ್ತಿದ್ರಿ."

ಶಶಿ ಕೇಳಿದಳು: "ಸುಮತಿ ಅತ್ತೆಗೆ ಹೇಳ್ಬಹುದಿತ್ತು, ಅಮ್ಮ ಇರುವಾಗ ಹೇಳ್ಬಹುದಿತ್ತು. ಈಗ ಎಂತಕ್ಕೆ ಹೇಳಿದ್ದು ಅಪ್ಪ? ನಿಮ್ಗೆ ಹಗುರ ಆಗ್ಲಿಕ್ಕಾ?" ನನಗೆ ಹಗುರವಾಗಲಿಲ್ಲ. ಆದರೆ ಆಗಬಹುದೆಂದು ಆಸೆಪಟ್ಟಿದ್ದೆ ಎಂಬುದು ನಿಜ.

ಹೊರಡುವಾಗ ವಿದ್ಯಾ, "ನನಗೆ ಹೇಳಿದ್ರೆ ಸಾಲ್ದು. ಊರಿನವರು ಓದುವ ಹಾಗೆ ಬರೀರಿ. ಅಪ್ಪನ ಹೆಸರು ಹಾಕಿ," ಎಂದಳು. ನಾನು ನಾಲ್ಕನೆಯ ದಿನವನ್ನು ಬರೆದು ಮುಗಿಸಿ ಕಾಗದ ಕೊಟ್ಟೆ: ಹಳ್ಳಿಯವರನ್ನು ಕೇಳು, ಬೇಡವೆಂದರೆ ತಿರುಗು. ಅವಳು ಮಡಚಿ ಚೀಲಕ್ಕೆ ಹಾಕಿದಳು. ಆ ಮೇಲೆ ಭಾನುವಾರಗಳಲ್ಲಿ ಬರಲಿಲ್ಲ.

ಸುಮತಿಗೆ ಅವಳೇ ಫೋನು ಮಾಡಿದಳು. ನಮ್ಮಲ್ಲಿ ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ. ಇಷ್ಟು ವರ್ಷ ಸುಮತಿ ಗಂಡನ ಎಲೆಗೆ ಬಡಿಸುವಾಗ, "ಉಣ್ಣಿ, ಇನ್ನು ಅವಸರ ಎಂತದ್ದೂ ಇಲ್ಲ," ಎಂದು ಚುಚ್ಚಿ ಹೇಳುತ್ತಿದ್ದಳಂತೆ. ಮಗಳ ಮಾತು ಕೇಳಿ ಅವಳು ನನಗೆ ಬೈಯಲಿಲ್ಲ. "ಹಾಗಾದ್ರೆ ನಾನು ಅವ್ರಿಗೆ ಬೈದದ್ದೆಲ್ಲ?" ಎಂದು ಕೇಳಿದಳಂತೆ. ನಾನು ಊರಿಗೆ ಬಂದು ಕಾಲು ಹಿಡಿಯುತ್ತೇನೆಂದು ಶಶಿಯ ಮೂಲಕ ಹೇಳಿಸಿದೆ. "ಬರುದು ಬೇಡ. ಅಲ್ಲೇ ಇರ್ಲಿ," ಎಂದಳು.

ಡಿಸೆಂಬರಿನಲ್ಲಿ ವಿದ್ಯಾ ಹೋದಳು. ಒಂದು ಬೆಳಿಗ್ಗೆ, ಅಲ್ಲಿಯ ಸಂಜೆಗೆ, ಶಶಿಯ ಫೋನಿಗೆ ಕರೆ ಬಂತು. "ಅವರು ಇದ್ದಾರಾ? ಸ್ಪೀಕರಿಗೆ ಹಾಕು," ಎಂದಳು. ಮಾವ ಎನ್ನಲಿಲ್ಲ.

ಆಡು ಕಾಯುವ ಮುದುಕ ಸತ್ತು ಬಹಳ ವರ್ಷವಾಗಿದೆ. ವಾದಿಯ ಬಾಯಲ್ಲಿ ಅವನ ಮಗ ಚಹಾದ ಅಂಗಡಿ ಇಟ್ಟಿದ್ದಾನೆ, ಪ್ರವಾಸಿಗರ ಜೊತೆ ಹಿಂದಿ ಮಾತಾಡುತ್ತಾನೆ. ವಿದ್ಯಾ ತಾನು ಯಾರೆಂದು ಹೇಳಿದ ಕೂಡಲೇ ಅವನು ಒಲೆ ಆರಿಸಿ ಎದ್ದು ನಿಂತನಂತೆ.

"ಅಪ್ಪ ಅವನ ತಂದೆ ಜೊತೆ ಮರದ ಕೆಳಗೆ ಕೂತಿದ್ರಂತೆ. ಎರಡನೇ ಸಲ ಹಾರ್ನು ಕೇಳಿ ಏಳುವಾಗ ಆ ಅಜ್ಜ ಅಂಗಿ ತೋಳು ಹಿಡಿದು ಎಳೆದ್ರಂತೆ. 'ನನ್ನ ಅಣ್ಣ ಕರೀತಿದ್ದಾನೆ' ಅಂತ ಹೇಳಿ ಬಿಡಿಸ್ಕೊಂಡ್ರಂತೆ. ಮೋಡ ಕಂಡಾಗೆಲ್ಲ ಅಲ್ಲಿ ಮಕ್ಕಳಿಗೆ ಈ ಕಥೆ ಹೇಳ್ತಾರೆ. ಕಾದವನದ್ದು, ಕರೆದವನದ್ದು. ಇಡೀ ಹಳ್ಳಿಗೆ ಗೊತ್ತುಂಟು."

ತೋಳು ಹಿಡಿದದ್ದು ನನಗೆ ಗೊತ್ತಿರಲಿಲ್ಲ. ಆಚೆ ದಡದಿಂದ ಅದು ಕಾಣಲಿಲ್ಲ, ಅಥವಾ ನಾನು ನೋಡಲಿಲ್ಲ. ಊರಿನಲ್ಲೂ ಇಲ್ಲೂ ನನ್ನ ಸುಳ್ಳನ್ನು ನಂಬಿದವರ ನಡುವೆ ನಾನು ಬದುಕುತ್ತಿದ್ದಾಗ, ಹೆಸರು ಗೊತ್ತಿಲ್ಲದ ಆ ಜನಕ್ಕೆ ಮಾತ್ರ ನಾನು ಯಾರೆಂದು ಗೊತ್ತಿತ್ತು.

"ಕರೆದವರು ಈಗ ಎಲ್ಲಿದ್ದಾರೆ ಅಂತ ಕೇಳಿದ," ಎಂದಳು ವಿದ್ಯಾ. "ನಾಳೆ ಹೊರಡುವಾಗ ಹೇಳ್ತೇನೆ ಅಂದಿದ್ದೇನೆ. ಎಂತ ಹೇಳ್ಲಿ?"

ಶಶಿ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ವಿದ್ಯಾ ಕಾದಳು, ಶಶಿಯೂ ಕೈ ಸರಿಸದೆ ಕಾದಳು. ಯಾವ ಊರಿನ ಹೆಸರೂ ನನ್ನ ಬಾಯಿಗೆ ಬರಲಿಲ್ಲ.